ಎಚ್ಚರಗೊಂಡ ಗಣಕಯಂತ್ರ ‘ಯಾರು?’ ಎಂದು ಕೇಳಬೇಕೆ?



ಮೂರು ತಿಂಗಳುಗಳಿಂದ ಈ ಪುಟದಲ್ಲಿ ಏನನ್ನೂ ಬರೆದಿರಲಿಲ್ಲ. ‘ಮೇಷ್ಟ್ರ ಆರೋಗ್ಯ ಹೇಗಿದೆ?’ ಎಂದು ನಿಮ್ಮಲ್ಲಿ ಕೆಲವರು ದೂರವಾಣಿಯಲ್ಲಿ ವಿಚಾರಿಸಿದಿರಿ. ಮಂಡಿನೋವು ಎಂದಿನಂತೆ ಜೊತೆಗಿದೆ, ಉಳಿದಂತೆ ಕ್ಷೇಮ. ಬರೆಯದೆ ಇದ್ದುದಕ್ಕೆ ಕಾರಣ ಬೇರೆಯೇ ಇತ್ತು. ಆ ಕಾರಣವನ್ನು ಹೇಳದೆ ಮುಂದಿನ ಲೇಖನಕ್ಕೆ ಕೈಹಚ್ಚುವುದು ಅಪ್ರಾಮಾಣಿಕವಾದೀತೆಂದು ತೋರಿ, ಇಂದು ಅದನ್ನೇ ಬರೆಯಲು ಕುಳಿತಿದ್ದೇನೆ.

ವಿಷಯ ಮೇಲ್ನೋಟಕ್ಕೆ ಅತಿ ಸಣ್ಣದು. ಹತ್ತು ನಿಮಿಷ ಯಾರೂ ಮುಟ್ಟದೆ ಬಿಟ್ಟರೆ ಗಣಕಯಂತ್ರ ನಿದ್ದೆಹೋಗುತ್ತದಲ್ಲವೆ? ಮತ್ತೆ ಮುಟ್ಟಿದಾಗ ಎಚ್ಚರಗೊಳ್ಳುತ್ತದೆ. ಹಾಗೆ ಎಚ್ಚರಗೊಂಡ ಯಂತ್ರವು ‘ನೀನು ಯಾರು? ಪಾಸ್‌ವರ್ಡ್ ಹೇಳು’ ಎಂದು ಕೇಳಬೇಕೆ, ಅಥವಾ ಬಿಟ್ಟ ಕಡೆಯಿಂದಲೇ ಪುಟವನ್ನು ತೆರೆದು ತೋರಿಸಬೇಕೆ? ಕೇಳಬಾರದು ಎಂಬ ಪಕ್ಷದಲ್ಲಿ ನಾನು ಬಹುಕಾಲ ಇದ್ದೆ. ಸುಮ್ಮನೆ ಇದ್ದುದಲ್ಲ, ಮದುವೆಮನೆಗಳಲ್ಲಿ ಕುಳಿತು ಅದರ ಪರವಾಗಿ ವಾದವನ್ನೂ ಮಾಡಿದ್ದೇನೆ. ಕೇಳಿದವರು ನಿಮ್ಮಲ್ಲಿಯೇ ಹಲವರಿದ್ದೀರಿ. ಆ ಅಭಿಪ್ರಾಯವನ್ನು ಈಗ ಬಹಿರಂಗವಾಗಿಯೇ ಹಿಂತೆಗೆದುಕೊಳ್ಳುತ್ತಿದ್ದೇನೆ.

ನನ್ನ ಹಳೆಯ ವಾದವನ್ನು ಮೊದಲು ನ್ಯಾಯವಾಗಿ ಹೇಳಿಬಿಡುತ್ತೇನೆ. ಈ ಲ್ಯಾಪ್‌ಟಾಪನ್ನು ತಂದುಕೊಟ್ಟವನು ಮಗ. ಕೊಡುವಾಗಲೇ ಹನ್ನೆರಡು ಅಕ್ಷರಗಳ ಒಂದು ಪಾಸ್‌ವರ್ಡನ್ನು ಇಟ್ಟು, ‘ಅಪ್ಪಾ, ಇದರಲ್ಲಿ ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಹ್ನೆ ಇವೆ, ಮರೆಯಬೇಡಿ’ ಎಂದು ಹೇಳಿ ಬೆಂಗಳೂರಿನ ಬಸ್ಸು ಹತ್ತಿದ. ನಾನು ಮರೆಯಲಿಲ್ಲ, ಬೆರಳುಗಳು ಮರೆತವು. ಬೆಳಗಿನ ಹೊತ್ತು ಗೆಣ್ಣುಗಳು ಬಿಗಿದುಕೊಂಡಿರುತ್ತವೆ. ಕ್ಯಾಪ್ಸ್ ಲಾಕ್ ಎಂಬ ಗುಂಡಿ ತಿಳಿಯದೆ ಒತ್ತಿಹೋಗಿರುತ್ತದೆ. ಹೊಡೆದ ಅಕ್ಷರ ಯಾವುದೆಂದು ಕಾಣುವುದಿಲ್ಲ, ಕಪ್ಪು ಚುಕ್ಕೆಗಳ ಸಾಲು ಮಾತ್ರ ಕಾಣುತ್ತದೆ. ಕೊನೆಗೆ ಯಂತ್ರ ‘ತಪ್ಪು’ ಎನ್ನುತ್ತದೆ. ಮೂವತ್ತಾರು ವರ್ಷ ಮಕ್ಕಳ ಪುಸ್ತಕಗಳ ಮೇಲೆ ಕೆಂಪು ಮಸಿಯಲ್ಲಿ ತಪ್ಪುಗುರುತು ಹಾಕಿದವನಿಗೆ ಇದು ಪ್ರಾರಬ್ಧಕರ್ಮವೆಂದೇ ಭಾವಿಸಿ ಕೆಲಕಾಲ ಸಹಿಸಿದೆ.

ಆದರೆ ಬರೆಯುವವನ ಕಷ್ಟ ಬೇರೆ. ವಾಕ್ಯದ ನಡುವೆ ಬಾಗಿಲಿಗೆ ಹಾಲಿನವನು ಬರುತ್ತಾನೆ. ಅವನೊಡನೆ ಎರಡು ಮಾತಾಡಿ ಹಿಂತಿರುಗುವಷ್ಟರಲ್ಲಿ ಯಂತ್ರ ಮಲಗಿರುತ್ತದೆ. ಎಬ್ಬಿಸಿ, ಗುರುತು ಹೇಳಿ, ಎರಡು ಬಾರಿ ತಪ್ಪಿ, ಮೂರನೆಯ ಬಾರಿಗೆ ಒಳಹೊಕ್ಕಾಗ ವಾಕ್ಯದ ಉತ್ತರಾರ್ಧ ಮನಸ್ಸಿನಿಂದ ಹೊರಟುಹೋಗಿರುತ್ತದೆ. ಒಂದು ಲೇಖನ ಮುಗಿಯುವುದರೊಳಗೆ ಎಂಟು ಹತ್ತು ಸಲ ‘ನಾನು ನಾನೇ’ ಎಂದು ನನ್ನದೇ ಯಂತ್ರದ ಮುಂದೆ ಸಾಕ್ಷಿ ನುಡಿಯಬೇಕಾದ ಸ್ಥಿತಿ. ಪಕ್ಕದ ಮನೆಯ ಹುಡುಗನನ್ನು ಕರೆದು ‘ಇದನ್ನು ತೆಗೆದುಬಿಡು ಮಾರಾಯ’ ಎಂದೆ. ಅವನು ಅರ್ಧ ನಿಮಿಷದಲ್ಲಿ ‘ಎಂದಿಗೂ ಕೇಳಬೇಡ’ ಎಂಬ ಆಯ್ಕೆಯನ್ನು ಒತ್ತಿ ಹೋದ.

ಇದಕ್ಕೆ ನಾನು ಒಂದು ತತ್ತ್ವವನ್ನೂ ಕಟ್ಟಿಕೊಂಡೆ. ಮಲೆನಾಡಿನ ನಮ್ಮ ಹಳೆಯ ಮನೆಯ ತಲೆಬಾಗಿಲಿಗೆ ಹಗಲಿನಲ್ಲಿ ಅಗುಳಿ ಹಾಕುತ್ತಿರಲಿಲ್ಲ. ಕಾರ್ಡುಗಳ ಕಾಲವನ್ನೂ ನೆನೆಯಿರಿ. ಅಂಚೆಯಣ್ಣ ಓದಿ, ಅಂಗಡಿಯವರು ಓದಿ, ಕೊನೆಗೆ ವಿಳಾಸದಾರ ಓದುತ್ತಿದ್ದ; ಯಾರಿಗೂ ಏನೂ ಆಗುತ್ತಿರಲಿಲ್ಲ. ಮುಚ್ಚಿಡುವಂಥದ್ದು ನನ್ನಲ್ಲೇನಿದೆ? ಪಿಂಚಣಿಯ ಲೆಕ್ಕ, ಮೊಮ್ಮಕ್ಕಳ ಭಾವಚಿತ್ರ, ಅರ್ಧ ಬರೆದ ಪ್ರಬಂಧಗಳು. ಹೀಗೆಂದು ಎಲ್ಲರೆದುರು ಹೇಳಿ ಮೆಚ್ಚುಗೆಯನ್ನೂ ಪಡೆದಿದ್ದೆ.

ಕಳೆದ ದೊಡ್ಡಹಬ್ಬದಲ್ಲಿ ಮನೆ ತುಂಬ ನೆಂಟರು. ನಮ್ಮ ಸೀಮೆಯವರಲ್ಲದವರಿಗೆ ಹೇಳುವುದಾದರೆ, ದೊಡ್ಡಹಬ್ಬವೆಂದರೆ ದೀಪಾವಳಿ. ಬಲಿಪಾಡ್ಯಮಿಯ ಬೆಳಿಗ್ಗೆ ನಾನು ಅಂಚೆ ನೋಡುತ್ತಿದ್ದೆ. ಹಳೆಯ ವಿದ್ಯಾರ್ಥಿಯೊಬ್ಬರ ದೀರ್ಘ ಪತ್ರ ಬಂದಿತ್ತು. ಓದುತ್ತಿರುವಾಗಲೇ ಗೋಪೂಜೆಗೆ ಕರೆ ಬಂತು. ಲ್ಯಾಪ್‌ಟಾಪಿನ ಮುಚ್ಚಳವನ್ನು ಮುಚ್ಚಿ ಎದ್ದುಹೋದೆ. ಮಧ್ಯಾಹ್ನ ನಮ್ಮ ಬಂಧುವೊಬ್ಬರು ಮಾರನೆಯ ದಿನದ ಬಸ್ಸಿನಲ್ಲಿ ಜಾಗವಿದೆಯೆ ಎಂದು ನೋಡಲು ಆ ಮುಚ್ಚಳವನ್ನು ತೆರೆದರು. ಯಂತ್ರ ಎಚ್ಚರಗೊಂಡಿತು, ಏನನ್ನೂ ಕೇಳಲಿಲ್ಲ. ನಾನು ಬಿಟ್ಟಿದ್ದ ಸಾಲಿನಿಂದಲೇ ಪತ್ರವನ್ನು ಅವರ ಮುಂದೆ ಹಿಡಿಯಿತು.

ಆ ಪತ್ರದಲ್ಲಿ ಏನಿತ್ತೆಂದು ಬರೆಯಲಾರೆ. ಬರೆದರೆ ಅದೇ ತಪ್ಪನ್ನು ಎರಡನೆಯ ಬಾರಿ, ಅದೂ ಇಷ್ಟು ಜನರ ಮುಂದೆ, ಮಾಡಿದಂತಾಗುತ್ತದೆ. ಬರೆದವರು ಗಂಡೋ ಹೆಣ್ಣೋ, ಯಾವ ಊರಿನವರೋ ಎಂಬುದನ್ನೂ ಹೇಳುವುದಿಲ್ಲ. ದಯವಿಟ್ಟು ಊಹಿಸಲು ಹೋಗಬೇಡಿ. ಸಂಸಾರದೊಳಗಿನ ಒಂದು ನೋವು ಎಂದರೆ ಸಾಕು. ಬೇರೆ ಯಾರಿಗೂ ಹೇಳಿಕೊಳ್ಳಲಾರದೆ, ಹತ್ತನೆಯ ತರಗತಿಯಲ್ಲಿ ಕನ್ನಡ ಕಲಿಸಿದ ಮುದುಕನಿಗೆ ಹೇಳಿಕೊಂಡಿದ್ದರು.

ಸಂಜೆಯ ಹೊತ್ತಿಗೆ ಆ ಸುದ್ದಿ ನಮ್ಮ ಅಡಿಗೆಮನೆಯಲ್ಲಿತ್ತು. ದುರುದ್ದೇಶದಿಂದಲ್ಲ. ‘ಅಯ್ಯೋ ಪಾಪ’ ಎಂಬ ಅನುಕಂಪದಿಂದಲೇ ಒಬ್ಬರು ಇನ್ನೊಬ್ಬರಿಗೆ ಹೇಳಿದರು. ನಮ್ಮ ಕಡೆ ಯಾರಿಗೆ ಯಾರು ಸಂಬಂಧಿಗಳಲ್ಲ ಹೇಳಿ! ಅನುಕಂಪ ಬಹಳ ವೇಗವಾಗಿ ಪ್ರಯಾಣ ಮಾಡುತ್ತದೆ. ನಾಲ್ಕನೆಯ ದಿನಕ್ಕೆ ಅದು ಯಾರ ಕಿವಿಗೆ ಬೀಳಬಾರದಾಗಿತ್ತೋ ಅವರ ಕಿವಿಗೇ ಬಿತ್ತು. ಆರನೆಯ ದಿನ ರಾತ್ರಿ ನನಗೆ ದೂರವಾಣಿ ಬಂತು. ‘ಸಾರ್, ನಾನು ಬೇರೆ ಯಾರಿಗೂ ಹೇಳಿರಲಿಲ್ಲ’ ಎಂದಷ್ಟೇ ಆ ಕಡೆಯ ಮಾತು. ಬಯ್ದಿದ್ದರೆ ಸಮಾಧಾನವಾಗುತ್ತಿತ್ತೇನೋ. ನನ್ನಿಂದ ಉತ್ತರ ಹೊರಡುವ ಮೊದಲೇ ಕರೆ ನಿಂತಿತು.

ಕಾಗದದ ಮೇಲೆ, ಕೈಬರಹದಲ್ಲಿ, ಕ್ಷಮೆ ಕೇಳಿ ಪತ್ರ ಬರೆದೆ. ಎರಡು ತಿಂಗಳು ಉತ್ತರವಿರಲಿಲ್ಲ. ಅನಂತರ ನಾಲ್ಕು ಸಾಲು ಬಂದವು. ಹೆಸರು, ಊರು, ವಿಷಯ ಯಾವುದೂ ತಿಳಿಯದಂತೆ ಈ ಪ್ರಸಂಗವನ್ನು ಬರೆಯಬಹುದೆಂದು ಅನುಮತಿಯೂ ಅದರಲ್ಲಿತ್ತು. ‘ಬರೆಯಿರಿ ಸಾರ್, ಇನ್ನೊಬ್ಬರಿಗೆ ಹೀಗಾಗುವುದು ಬೇಡ’ ಎಂದು. ಆ ಮುಚ್ಚಳವನ್ನು ತೆರೆದ ಬಂಧುವೂ ಈ ಪುಟವನ್ನು ಓದುತ್ತಾರೆ. ಅವರಿಗೆ ನಾನು ಆಗಲೇ ಹೇಳಿದ್ದೇನೆ, ಇಲ್ಲಿಯೂ ಹೇಳುತ್ತೇನೆ: ತಪ್ಪು ನನ್ನದು. ಪರರ ಪತ್ರವನ್ನು ಓದಬಾರದೆಂಬುದು ನಿಜ. ಆದರೆ ತೆರೆದ ಪತ್ರವನ್ನು ಹಜಾರದ ಮೇಜಿನ ಮೇಲೆ ಹರಡಿ ಹೋದವನು ಓದಿದವರನ್ನು ದೂರುವುದು ಯಾವ ನ್ಯಾಯ?

ಇಲ್ಲಿ ನಾನು ತಿಳಿಯದೆ ಹೋಗಿದ್ದ ಸಂಗತಿಯೊಂದಿದೆ. ಮುಚ್ಚಳ ಮುಚ್ಚಿದರೆ ಯಂತ್ರ ಮುಚ್ಚಿದಂತೆ ಎಂದು ಭಾವಿಸಿದ್ದೆ. ಅದು ಹಾಗಲ್ಲ. ಯಂತ್ರವನ್ನು ಪೂರ್ತಿ ಆರಿಸಿದಾಗ ಅದರ ಕೆಲಸದ ಸ್ಮೃತಿ, ಅಂದರೆ ರ್‍ಯಾಮ್ ಎಂಬ ಭಾಗ, ಬರಿದಾಗುತ್ತದೆ. ನಿದ್ದೆಯಲ್ಲಿ ಹಾಗಾಗುವುದಿಲ್ಲ. ಪರದೆ ಕತ್ತಲಾಗುತ್ತದೆ, ಮಿಕ್ಕ ಅಂಗಗಳು ಸ್ತಬ್ಧವಾಗುತ್ತವೆ. ಆದರೆ ಆ ಸ್ಮೃತಿಗೆ ಮಾತ್ರ ಸಣ್ಣ ಪ್ರಮಾಣದ ವಿದ್ಯುತ್ತು ಹರಿಯುತ್ತಲೇ ಇರುತ್ತದೆ. ತೆರೆದ ಪುಟ, ಅರ್ಧ ಬರೆದ ವಾಕ್ಯ, ಒಳಹೊಕ್ಕ ಅಂಚೆಪೆಟ್ಟಿಗೆ ಎಲ್ಲವೂ ಅಲ್ಲಿ ಹಾಗೆಯೇ ಇರುತ್ತವೆ. ಆದುದರಿಂದಲೇ ಅದು ಒಂದೆರಡು ಕ್ಷಣಗಳಲ್ಲಿ ಎಚ್ಚರಗೊಳ್ಳಬಲ್ಲದು. ಹೈಬರ್ನೇಟ್ ಎಂಬ ಇನ್ನೊಂದು ಬಗೆಯಿದೆ, ಕಪ್ಪೆಯ ಶಿಶಿರನಿದ್ರೆ ಇದ್ದಂತೆ. ಅದರಲ್ಲಿ ಸ್ಮೃತಿಯನ್ನೆಲ್ಲ ಡಿಸ್ಕಿಗೆ ಬರೆದಿಟ್ಟು ಯಂತ್ರ ಪೂರ್ಣವಾಗಿ ಆರುತ್ತದೆ. ಎದ್ದಾಗ ಅದನ್ನು ಓದಿಕೊಂಡು ಮತ್ತೆ ಅದೇ ಪುಟವನ್ನು ತೋರಿಸುತ್ತದೆ. ಜಾಗ್ರತ್, ಸ್ವಪ್ನ, ಸುಷುಪ್ತಿ ಎಂದು ನಮ್ಮವರು ಅವಸ್ಥೆಗಳನ್ನು ಬಿಡಿಸಿದ್ದು ನೆನಪಾಗಿ ನನ್ನಷ್ಟಕ್ಕೆ ನಕ್ಕೆ.

ಅಧ್ಯಾಪಕ ವೃತ್ತಿಯವರಿಗೆ ಇದನ್ನು ಹೀಗೆ ಹೇಳಿದರೆ ಬೇಗ ತಿಳಿದೀತು. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಪ್ರಶ್ನೆಪತ್ರಿಕೆಯ ಕಟ್ಟುಗಳು ಮೊಹರಿನೊಂದಿಗೆ ಖಜಾನೆಯಲ್ಲಿ ಇರುತ್ತಿದ್ದವು. ಅದು ಆರಿಸಿದ ಯಂತ್ರ. ಪರೀಕ್ಷೆಯ ಬೆಳಿಗ್ಗೆ ಅವು ಕೇಂದ್ರಕ್ಕೆ ಬಂದು, ಮುಖ್ಯ ಅಧೀಕ್ಷಕರ ಕೊಠಡಿಯಲ್ಲಿ ಸಾಕ್ಷಿಗಳ ಮುಂದೆ ಮೊಹರು ಒಡೆದು, ರುಜು ಹಾಕಿ, ಎಣಿಕೆ ಆರಂಭವಾಗುತ್ತಿತ್ತು. ಅದು ಎಚ್ಚರದ ಯಂತ್ರ. ಈಗ ಯೋಚಿಸಿ: ಮೊಹರು ಒಡೆದಾಗಿದೆ, ಪತ್ರಿಕೆಗಳು ಮೇಜಿನ ಮೇಲೆ ಹರಡಿವೆ, ಅಷ್ಟರಲ್ಲಿ ಅಧೀಕ್ಷಕರು ಬಾಗಿಲನ್ನು ಸುಮ್ಮನೆ ಎಳೆದುಕೊಂಡು ಚಹಾ ಕುಡಿಯಲು ಹೋದರೆ? ಅದು ಪಾಸ್‌ವರ್ಡ್ ಕೇಳದ ನಿದ್ದೆ. ನಾನೂ ಕೆಲವು ವರ್ಷ ಅಧೀಕ್ಷಕನಾಗಿದ್ದೆ. ಆ ಕೊಠಡಿಯಿಂದ ಹೊರಗೆ ಕಾಲಿಡಬೇಕಾದರೆ, ಎರಡು ನಿಮಿಷಕ್ಕಾದರೂ ಸರಿ, ಬೀಗ ಹಾಕಿ ಕೀಲಿಯನ್ನು ಜೇಬಿನಲ್ಲಿ ಇಟ್ಟುಕೊಂಡೇ ಹೋಗುತ್ತಿದ್ದೆ. ಜವಾನರ ಮೇಲೆ ಅಪನಂಬಿಕೆಯೆಂದು ಅವರೂ ತಿಳಿಯಲಿಲ್ಲ, ನಾನೂ ತಿಳಿಯಲಿಲ್ಲ. ಇನ್ನೊಬ್ಬರ ಮಕ್ಕಳ ಒಂದು ವರ್ಷ ಆ ಮೇಜಿನ ಮೇಲಿತ್ತು, ಅಷ್ಟೆ. ಅಂಥವನು ತನ್ನ ಮನೆಯಲ್ಲಿ ಮಾತ್ರ ಬಾಗಿಲು ಎಳೆದುಕೊಂಡು ಗೋಪೂಜೆಗೆ ಹೋದ.

ಈ ಪಾಸ್‌ವರ್ಡ್ ಎಂಬುದು ಗಣಕಕ್ಕೆ ಹೇಗೆ ಬಂತೆಂದು ಓದಿ ನೋಡಿದೆ. ಬಿಡುವು ಬೇಕಾದಷ್ಟಿದೆಯಲ್ಲ! ಕಳ್ಳರ ಭಯದಿಂದ ಬಂತೆಂದು ನಾನು ತಿಳಿದಿದ್ದೆ. ಅದು ಬಂದುದು ಒಂದೇ ಯಂತ್ರವನ್ನು ಅನೇಕರು ಹಂಚಿಕೊಂಡದ್ದರಿಂದ. ಅಮೆರಿಕದ ಎಂ.ಐ.ಟಿ.ಯಲ್ಲಿ ಫರ್ನಾಂಡೋ ಕೊರ್ಬಾಟೋ ಮತ್ತು ಅವರ ಜೊತೆಗಾರರು ಒಂದು ಯಂತ್ರದ ಸಮಯವನ್ನು ಹಲವು ಮಂದಿಗೆ ಹಂಚಿಕೊಡುವ ಸಿ.ಟಿ.ಎಸ್.ಎಸ್. ಎಂಬ ವ್ಯವಸ್ಥೆಯನ್ನು 1961ರಲ್ಲಿ ಪ್ರದರ್ಶಿಸಿದರು. ಪ್ರತಿಯೊಬ್ಬರ ಕಡತಗಳು ಬೇರೆ ಬೇರೆ ಇರಬೇಕಾದುದರಿಂದ ಪ್ರತಿಯೊಬ್ಬರಿಗೂ ಒಂದು ಪಾಸ್‌ವರ್ಡ್ ಕೊಟ್ಟರು. ಮರುವರ್ಷವೇ ಅಲನ್ ಶೆರ್ ಎಂಬ ಸಂಶೋಧನ ವಿದ್ಯಾರ್ಥಿ, ತನಗೆ ಕೊಟ್ಟ ಸಮಯ ಸಾಲದೆಂದು, ಎಲ್ಲರ ಪಾಸ್‌ವರ್ಡುಗಳಿದ್ದ ಕಡತವನ್ನೇ ಮುದ್ರಿಸಿಕೊಂಡ. ಅದನ್ನು ಎಷ್ಟೋ ದಶಕಗಳ ಮೇಲೆ ತಾನೇ ಒಪ್ಪಿಕೊಂಡ. (ವಿದ್ಯಾರ್ಥಿಗಳು ಎಲ್ಲ ದೇಶಗಳಲ್ಲೂ ಒಂದೇ!) 1966ರಲ್ಲಿ ಇನ್ನೊಂದು ಪ್ರಮಾದವಾಯಿತು. ಎರಡು ಕಡತಗಳು ಅದಲುಬದಲಾಗಿ, ಅಂದು ಯಂತ್ರವನ್ನು ಪ್ರವೇಶಿಸಿದವರಿಗೆಲ್ಲ ದಿನದ ಸಂದೇಶದ ಬದಲು ಎಲ್ಲರ ಪಾಸ್‌ವರ್ಡುಗಳ ಪಟ್ಟಿ ಕಾಣಿಸಿತು. ಮುಂದೆ ಪಾಸ್‌ವರ್ಡುಗಳು ಎಷ್ಟು ಹೆಚ್ಚಿದವೆಂದರೆ, 2014ರಲ್ಲಿ ಸ್ವತಃ ಕೊರ್ಬಾಟೋ ಅವರೇ ಇದೊಂದು ದುಃಸ್ವಪ್ನವಾಗಿದೆ ಎಂಬರ್ಥದ ಮಾತನ್ನು ಪತ್ರಿಕೆಯೊಂದಕ್ಕೆ ಹೇಳಿದರು. 2019ರಲ್ಲಿ, ತಮ್ಮ 93ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ನನಗೆ ಹಿಡಿಸಿದ್ದು ಮೊದಲಿನ ಸಂಗತಿ. ಪಾಸ್‌ವರ್ಡ್ ಹುಟ್ಟಿದ್ದು ಕೂಡುಕುಟುಂಬದಲ್ಲಿ! ಒಬ್ಬನೇ ಇರುವ ಮನೆಗೆ ಕೋಣೆಯ ಬಾಗಿಲೇಕೆ? ಹತ್ತು ಜನರಿರುವ ಮನೆಗೇ ಬಾಗಿಲು ಬೇಕು. ‘ನಮ್ಮದು ತೆರೆದ ಮನೆ, ಆದುದರಿಂದ ಪಾಸ್‌ವರ್ಡ್ ಬೇಡ’ ಎಂಬ ನನ್ನ ವಾದ ತಲೆಕೆಳಗಾಗಿತ್ತು.

‘ಮುಚ್ಚಿಡುವಂಥದ್ದು ನನ್ನಲ್ಲೇನಿದೆ’ ಎಂಬ ಮಾತಿಗೂ ಬರುತ್ತೇನೆ. ಈ ಮಾತನ್ನು ನಮ್ಮ ವಯಸ್ಸಿನವರು ಬಹಳ ಹೆಮ್ಮೆಯಿಂದ ಆಡುತ್ತೇವೆ. ನಮ್ಮವರೇ ಆದ ಇನ್ನೊಬ್ಬ ವೃದ್ಧರು ಬೇರೆ ರೀತಿ ಯೋಚಿಸಿದರು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಾಗ ಅವರಿಗೆ 86 ವರ್ಷ. ಅದೇ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠ, ಖಾಸಗಿತನವು ಸಂವಿಧಾನದತ್ತವಾದ ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪು ಕೊಟ್ಟಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, 98ರ ವಯಸ್ಸಿನಲ್ಲಿ ನಿಧನರಾದರು. ಅವರೂ ಕೊರ್ಬಾಟೋ ಅವರೂ 1926ರಲ್ಲಿ ಜನಿಸಿದವರೆಂಬುದು ಕಾಕತಾಳೀಯ. ಗಮನಕ್ಕೆ ಬಂದುದರಿಂದ ಬರೆದೆ. ಆ ತೀರ್ಪು ಬಂದಾಗ ‘ಅದು ದೊಡ್ಡವರ ವಿಷಯ, ನಮಗೇನು?’ ಎಂದು ಪತ್ರಿಕೆಯ ಪುಟ ತಿರುವಿದವರಲ್ಲಿ ನಾನೂ ಒಬ್ಬ.

ನನ್ನಲ್ಲಿ ಮುಚ್ಚಿಡುವಂಥದ್ದು ಇಲ್ಲದಿರಬಹುದು. ನನ್ನ ಯಂತ್ರದಲ್ಲಿರುವುದು ನನ್ನದು ಮಾತ್ರವೆ? ಎಣಿಸಿ ನೋಡಿದೆ. ಒಬ್ಬ ವಿದ್ಯಾರ್ಥಿ ಕಳುಹಿಸಿದ ಕೆಲಸದ ಅರ್ಜಿ, ಅದರಲ್ಲಿ ಅವನ ಈಗಿನ ಸಂಬಳ. ಒಬ್ಬರ ಮಗಳ ಜಾತಕ. ಸೋದರಳಿಯನ ವೈದ್ಯಕೀಯ ವರದಿ, ಇಂಗ್ಲಿಷಿನಲ್ಲಿದ್ದುದನ್ನು ಓದಿ ಹೇಳಲೆಂದು ಕಳುಹಿಸಿದ್ದು. ಸಾಲಕ್ಕೆ ಜಾಮೀನು ನಿಂತ ಮಿತ್ರರೊಬ್ಬರ ಕಾಗದಗಳು. ಇವರಲ್ಲಿ ಯಾರೂ ‘ಗುಟ್ಟಾಗಿಡಿ’ ಎಂದು ಬರೆದಿರಲಿಲ್ಲ. ಬರೆಯುವ ಅಗತ್ಯವಿದೆಯೆಂದು ಅವರಿಗೆ ತೋರಿರಲಿಲ್ಲ. ಕಾರ್ಡು ಬರೆಯುತ್ತಿದ್ದವರಿಗೆ ಅದನ್ನು ಊರೇ ಓದುತ್ತದೆಂದು ಗೊತ್ತಿತ್ತು; ಓದಬಹುದಾದುದನ್ನಷ್ಟೇ ಬರೆಯುತ್ತಿದ್ದರು. ನನಗೆ ಬಂದುದು ಕಾರ್ಡಲ್ಲ, ಅಂಟಿಸಿದ ಲಕೋಟೆ. ಅದನ್ನು ಒಡೆದು ಕಾರ್ಡು ಮಾಡಿದವನು ನಾನು.

ಮುದ್ರಾರಾಕ್ಷಸದ ಕಥೆಯನ್ನು ತರಗತಿಯಲ್ಲಿ ಹೇಳುತ್ತಿದ್ದುದು ಕೆಲವರಿಗಾದರೂ ನೆನಪಿರಬೇಕು. ಕೆಂಪುನಾರಾಯಣನ ‘ಮುದ್ರಾಮಂಜೂಷ’, ಅಂದರೆ 1823ರ ಆ ಕನ್ನಡ ಗದ್ಯಗ್ರಂಥದ ಪ್ರಸ್ತಾಪ ಬಂದಾಗಲೆಲ್ಲ ನಾನು ವಿಶಾಖದತ್ತನ ಮೂಲಕಥೆಗೆ ಹೊರಳುತ್ತಿದ್ದೆ. ಅಮಾತ್ಯ ರಾಕ್ಷಸನ ಮುದ್ರೆಯುಂಗುರವನ್ನು ಯಾರೂ ಕದಿಯಲಿಲ್ಲ. ಅವನು ಊರು ಬಿಡುವಾಗ ಅದನ್ನು ಹೆಂಡತಿಯ ಕೈಗೆ ಕೊಟ್ಟಿದ್ದ. ಅವಳಿದ್ದುದು ಪ್ರಾಣಸ್ನೇಹಿತ ಚಂದನದಾಸನ ಮನೆಯಲ್ಲಿ. ಇದಕ್ಕಿಂತ ಸುರಕ್ಷಿತವಾದ ಸ್ಥಳ ಯಾವುದಿದ್ದೀತು? ಬಾಗಿಲಲ್ಲಿ ಪಟ ತೋರಿಸುವವನ ವೇಷದಲ್ಲಿ ಗೂಢಚಾರ ಹಾಡುತ್ತಿರುವಾಗ ಒಂದು ಮಗು ಕುತೂಹಲದಿಂದ ಹೊರಗೆ ಓಡಿಬಂತು. ಅದನ್ನು ಒಳಗೆಳೆಯಲು ಚಾಚಿದ ಕೈಯಿಂದ, ಗಂಡಸಿನ ಬೆರಳಿನ ಅಳತೆಯ ಆ ಉಂಗುರ ಜಾರಿ ಉರುಳಿತು. ಮುಂದೆ ಚಾಣಕ್ಯನು ಅದೇ ಮುದ್ರೆಯೊತ್ತಿ ಕಳುಹಿಸಿದ ಒಂದು ಪತ್ರದಿಂದ ರಾಕ್ಷಸನ ತಂತ್ರವೆಲ್ಲ ಕುಸಿಯಿತು. ಎಷ್ಟೋ ವರ್ಷ ಆ ಕಥೆಯನ್ನು ಚಾಣಕ್ಯನ ಬುದ್ಧಿವಂತಿಕೆಯ ಕಥೆಯೆಂದೇ ಹೇಳುತ್ತಾ ಬಂದೆ. ಆ ಮಗುವಿನ ಕಡೆಗೆ ನನ್ನ ಗಮನ ಹೋದದ್ದು ಈಗ.

ಇನ್ನು ಎದುರುವಾದ. ನನ್ನಾಕೆಯೇ ಕೇಳಿದಳು: ‘ನಾಳೆ ನಿಮಗೇನಾದರೂ ಆದರೆ ನಾನೇನು ಮಾಡಲಿ?’ ಇದನ್ನು ತಳ್ಳಿಹಾಕುವಂತಿಲ್ಲ. ನನ್ನ ಸಹೋದ್ಯೋಗಿಯೊಬ್ಬರು ಕೆಲವು ವರ್ಷಗಳ ಹಿಂದೆ ಹಠಾತ್ತನೆ ತೀರಿಕೊಂಡರು. ಪಾಸ್‌ವರ್ಡ್ ಅವರೊಡನೆಯೇ ಹೋಯಿತು. ಕುಟುಂಬ ಪಿಂಚಣಿಗೆ ಬೇಕಾದ ಕಾಗದಗಳ ಪ್ರತಿಗಳು, ವಿಮೆಯ ಸಂಖ್ಯೆ, ಇಪ್ಪತ್ತು ವರ್ಷಗಳ ಭಾವಚಿತ್ರಗಳು, ಎಲ್ಲವೂ ಆ ಪೆಟ್ಟಿಗೆಯಲ್ಲಿ. ಅವರ ಪತ್ನಿ ರಿಪೇರಿಯ ಅಂಗಡಿಗೆ ಕೊಂಡೊಯ್ದಾಗ, ‘ಎಲ್ಲ ಅಳಿಸಿ ಹೊಸದಾಗಿ ಮಾಡಿಕೊಡಬಲ್ಲೆ ಅಮ್ಮ, ಒಳಗಿದ್ದುದನ್ನು ತೆಗೆದುಕೊಡಲಾರೆ’ ಎಂದನಂತೆ. ಯಂತ್ರದ ಡಿಸ್ಕು ಗೂಢಲಿಪಿಯಲ್ಲಿತ್ತು. ಅಂಥ ವ್ಯವಸ್ಥೆಗೆ ಒಂದು ಮರುಪ್ರಾಪ್ತಿ ಕೀಲಿ ಇರುತ್ತದೆ. ವಿಂಡೋಸಿನ ಬಿಟ್‌ಲಾಕರ್‌ನಲ್ಲಿ ಅದು 48 ಅಂಕಿಗಳ ಸಂಖ್ಯೆ. ಆ ಮನೆಯಲ್ಲಿ ಅಂಥದೊಂದು ಇದೆಯೆಂಬುದೇ ಯಾರಿಗೂ ಗೊತ್ತಿರಲಿಲ್ಲ. ಆ ತಾಯಿ ಆ ಪೆಟ್ಟಿಗೆಯನ್ನು ಇಂದಿಗೂ ದೇವರಮನೆಯ ಪಕ್ಕದ ಗೂಡಿನಲ್ಲಿ ಇಟ್ಟುಕೊಂಡಿದ್ದಾರೆ. ಬೀಗವೆಂದರೆ ಒಳ್ಳೆಯದೇ ಎಂದು ಯಾರಾದರೂ ಉಪದೇಶ ಮಾಡುವಾಗ ನನಗೆ ಆ ಗೂಡು ಕಾಣಿಸುತ್ತದೆ.

ಆದರೆ ಇದು ಕೀಲಿಯನ್ನು ಎಲ್ಲಿಡಬೇಕೆಂಬ ಪ್ರಶ್ನೆ, ಬಾಗಿಲು ಬೇಕೇ ಎಂಬ ಪ್ರಶ್ನೆಯಲ್ಲ. ನಾನು ಮಾಡಿರುವುದು ಇಷ್ಟು. ಪಾಸ್‌ವರ್ಡನ್ನೂ ಆ 48 ಅಂಕಿಗಳನ್ನೂ ಕಾಗದದಲ್ಲಿ ಬರೆದು, ಲಕೋಟೆಗೆ ಹಾಕಿ, ಅಂಟಿಸಿ, ಮೇಲೆ ರುಜು ಮಾಡಿ, ಬೀರುವಿನಲ್ಲಿ ಅವಳ ಒಡವೆಯ ಪೆಟ್ಟಿಗೆಯ ಕೆಳಗೆ ಇಟ್ಟಿದ್ದೇನೆ. ಬರೆದಿಡಬಾರದೆಂದು ಮಗ ಹೇಳುತ್ತಾನೆ. ಯಂತ್ರಕ್ಕೇ ಅಂಟಿಸಿದರೆ ತಪ್ಪು; ಬೀರುವಿನಲ್ಲಿಟ್ಟರೆ ತಪ್ಪಿಲ್ಲವೆಂಬುದು ನನ್ನ ಮತ. ಪಿಂಚಣಿಯ ಕಾಗದಗಳನ್ನು ಮುದ್ರಿಸಿ ಬೇರೆಯಾಗಿಯೂ ಇಟ್ಟೆ. ‘ನನಗೆ ಕೀಲಿ ಕೊಟ್ಟ ಮೇಲೆ ಬಾಗಿಲಿಗೆ ಅರ್ಥವೇನು?’ ಎಂದು ಅವಳು ನಕ್ಕಳು. ಅರ್ಥವಿದೆ. ಆ ಲಕೋಟೆಯನ್ನು ಒಡೆದರೆ ಒಡೆದದ್ದು ಕಾಣುತ್ತದೆ. ಅಲ್ಲದೆ ಅವಳು ಒಡೆಯುವವಳಲ್ಲ.

ಕಳ್ಳರ ಮಟ್ಟಿಗೆ ಹೇಳುವುದಾದರೆ, ಎಚ್ಚರಗೊಂಡಾಗ ಕೇಳುವ ಪಾಸ್‌ವರ್ಡ್ ದೊಡ್ಡ ಕೋಟೆಯೇನೂ ಅಲ್ಲ. ಗೂಢಲಿಪಿಯಿಲ್ಲದ ಯಂತ್ರದ ಡಿಸ್ಕನ್ನು ಕಳಚಿ ಬೇರೆ ಯಂತ್ರಕ್ಕೆ ಜೋಡಿಸಿದರೆ ಎಲ್ಲವನ್ನೂ ಓದಬಹುದು. ಗೂಢಲಿಪಿ ಇದ್ದರೂ ನಿದ್ದೆಯಲ್ಲಿ ಅದರ ಕೀಲಿ ಸ್ಮೃತಿಯಲ್ಲೇ ಉಳಿದಿರುತ್ತದೆ. ವಿದ್ಯುತ್ತು ತಪ್ಪಿದರೂ ಆ ಸ್ಮೃತಿ ಆ ಕ್ಷಣದಲ್ಲೇ ಮಾಯವಾಗುವುದಿಲ್ಲ, ತಣ್ಣಗೆ ಮಾಡಿದರೆ ಇನ್ನಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರೂ ಅವರ ಸಂಗಡಿಗರೂ 2008ರಲ್ಲಿಯೇ ತೋರಿಸಿಕೊಟ್ಟರು. ಆದುದರಿಂದ ಪ್ರಯಾಣಕ್ಕೆ ಹೊರಡುವಾಗ ಯಂತ್ರವನ್ನು ಮಲಗಿಸದೆ ಪೂರ್ತಿ ಆರಿಸುವುದು ಲೇಸು. ಇನ್ನೊಬ್ಬರ ಪಾಸ್‌ವರ್ಡನ್ನು ವಂಚನೆಯಿಂದ ಬಳಸಿದವರಿಗೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಸಿ ಕಲಮಿನಲ್ಲಿ ಮೂರು ವರ್ಷಗಳವರೆಗೆ ಸೆರೆಯೂ ಒಂದು ಲಕ್ಷ ರೂಪಾಯಿಗಳವರೆಗೆ ದಂಡವೂ ಇವೆ. ಹಬ್ಬಕ್ಕೆ ಬಂದು ಬಸ್ಸು ಹುಡುಕಿದವರಿಗೆ ಯಾವ ಕಲಮು ಹಚ್ಚುತ್ತೀರಿ? ಅಂಥ ಕಡೆಗೆ ಈ ಸಣ್ಣ ಅಗುಳಿಯೇ ಸಾಕು, ಅದೇ ಬೇಕು. ದರೋಡೆಗಾರನನ್ನು ಅದು ತಡೆಯಲಾರದು. ದಾರಿಯಲ್ಲಿ ಹೋಗುವವರ ಕಣ್ಣನ್ನು ತಡೆಯುತ್ತದೆ.

ನನ್ನ ಬೆರಳುಗಳ ಕಷ್ಟಕ್ಕೂ ಪರಿಹಾರ ಸಿಕ್ಕಿತು. ಹನ್ನೆರಡು ಅಕ್ಷರಗಳ ಬದಲು ಆರು ಅಂಕಿಗಳ ಪಿನ್ ಇಟ್ಟುಕೊಂಡಿದ್ದೇನೆ. ವಿಂಡೋಸಿನಲ್ಲಿ ಈ ಪಿನ್ ಆ ಒಂದು ಯಂತ್ರಕ್ಕೆ ಮಾತ್ರ ಸಲ್ಲುತ್ತದೆ. ಬೇರೆಯವರಿಗೆ ತಿಳಿದರೂ ದೂರದಲ್ಲಿ ಕುಳಿತು ನನ್ನ ಅಂಚೆಯನ್ನು ತೆರೆಯಲು ಬಾರದು. ಬೆರಳಚ್ಚಿನ ಗುರುತೂ ಇದೆ, ಆದರೆ ಸವೆದ ನನ್ನ ಬೆರಳನ್ನು ಅದು ಒಮ್ಮೆ ಒಪ್ಪಿದರೆ ಎರಡು ಸಲ ಒಪ್ಪುವುದಿಲ್ಲ. ನಿದ್ದೆಯ ಅವಧಿಯನ್ನು ಹತ್ತು ನಿಮಿಷದಿಂದ ಅರ್ಧ ಗಂಟೆಗೆ ಏರಿಸಿ, ಎದ್ದುಹೋಗುವಾಗ ನಾನೇ ಬೀಗ ಹಾಕುತ್ತೇನೆ: ವಿಂಡೋಸ್ ಗುಂಡಿಯನ್ನೂ ಎಲ್ ಅಕ್ಷರವನ್ನೂ ಒಟ್ಟಿಗೆ ಒತ್ತಿದರಾಯಿತು. ನಿಮ್ಮ ತಂದೆತಾಯಿಯರ ಯಂತ್ರದಲ್ಲಿ ನೋಡಬೇಕಾದುದು ಸೆಟ್ಟಿಂಗ್ಸ್‌ನ ಅಕೌಂಟ್ಸ್ ಭಾಗದೊಳಗಿನ ಸೈನ್-ಇನ್ ಆಪ್ಷನ್ಸ್. ಮ್ಯಾಕ್ ಆದರೆ ಸಿಸ್ಟಮ್ ಸೆಟ್ಟಿಂಗ್ಸ್‌ನ ಲಾಕ್ ಸ್ಕ್ರೀನ್. ‘ಎಂದಿಗೂ ಬೇಡ’ ಎಂದಿದ್ದರೆ ಬದಲಿಸಿಕೊಡಿ. ಆದರೆ ಬದಲಿಸಿ ಬಸ್ಸು ಹತ್ತಬೇಡಿ. ಪಕ್ಕದಲ್ಲಿ ಕುಳಿತು ಅವರ ಕೈಯಿಂದ ನಾಲ್ಕು ಸಲ ಒತ್ತಿಸಿ. ಮಗನಿಗೂ ಇದನ್ನು ಹೇಳಿದ್ದೇನೆ. ನೆಂಟರಿಗೆಂದೇ ನಮ್ಮ ಯಂತ್ರದಲ್ಲಿ ಬೇರೊಂದು ಖಾತೆ ತೆರೆದಿದೆ, ಅದರ ಹೆಸರು ‘ಅತಿಥಿ’. ಯಾರು ಬೇಕಾದರೂ ಬಸ್ಸು ನೋಡಲಿ.

ಕಳೆದ ಗುರುವಾರ ಆ ವಿದ್ಯಾರ್ಥಿಯಿಂದ ಮತ್ತೆ ಪತ್ರ ಬಂತು. ಈ ಸಲ ದೀರ್ಘವಾಗಿದೆ. ಅರ್ಧ ಓದಿರುವಾಗ ನನ್ನಾಕೆ ಕಾಫಿ ತಂದಳು. ಮುಚ್ಚಳವನ್ನು ಮುಚ್ಚಿ ಲೋಟ ತೆಗೆದುಕೊಂಡೆ. ಯಾರ ಪತ್ರವೆಂದು ಅವಳು ಕೇಳಲಿಲ್ಲ, ಸಕ್ಕರೆ ಸಾಲದೆ ಎಂದು ಕೇಳಿದಳು. ಕಾಫಿ ಮುಗಿಸಿ ಬಂದು ಆರು ಅಂಕಿ ಒತ್ತಿದೆ. ಎರಡನೆಯ ಸಲಕ್ಕೆ ತೆರೆಯಿತು.